ಚೂಯಿಂಗ್ ಗಮ್ ಬೆನ್ನು ಹತ್ತಿದರೆ

ಕ್ವಿಜ್‌ಗೆ ಪ್ರಶ್ನೆ ಬರೆಯೋದು ನನಗೆ ತುಂಬ ಇಷ್ಟದ ಕೆಲಸ. ಮರಗಿಡ, ತಿನಿಸು, ಬ್ರ್ಯಾಂಡ್, ಇತ್ತೀಚಿನ ಇತಿಹಾಸ ಅಂತ ಬೇರೆ ಬೇರೆ ಸುತ್ತು ಮಾಡೋದು ವಾಡಿಕೆ. ನಾನು ಹಾಗೆ ಮಾಡೋದಿಲ್ಲ. ಒಂದೇ ವಸ್ತುವಿನ ಬೆನ್ನು ಹತ್ತುತ್ತೇನೆ. ಬಾಯಿಪಾಠ ಮಾಡಿದ ಬಿಡಿ ಉತ್ತರಗಳು ಬೇಗ ಮರೆತುಹೋಗುತ್ತವೆ. ಒಂದಕ್ಕೊಂದು ಕೊಂಡಿ ಇದ್ದರೆ ಮರೆಯೋಕೆ ಆಗೋದೇ ಇಲ್ಲ. ನಾಲ್ಕೂ ವಿಷಯವನ್ನು ಒಟ್ಟಿಗೆ ಹಿಡಿದಿಡೋಕೆ ಚೂಯಿಂಗ್ ಗಮ್‌ಗಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ.

ಮರದಿಂದಲೇ ಶುರು ಮಾಡೋಣ. ಸರಿಯಾಗಿ ಮಾಗದ ಸಪೋಟ ಕಚ್ಚಿದರೆ ತುಟಿಯೆಲ್ಲ ಅಂಟು ಅಂಟು ಆಗುತ್ತೆ, ಅಲ್ವಾ? ಆ ಮರದ ಬಿಳಿ ಹಾಲೇ ಹಳೆಯ ಕಾಲದ ಚೂಯಿಂಗ್ ಗಮ್. ಅದಕ್ಕೆ ಚಿಕ್ಲೆ ಅನ್ನುತ್ತಾರೆ. ಮರದ ತವರು ಮೆಕ್ಸಿಕೊದ ಯುಕಟಾನ್, ಗ್ವಾಟೆಮಾಲಾದ ಪೆಟೆನ್ ಕಡೆಯ ಕಾಡು. ಮಳೆಗಾಲದಲ್ಲಿ ಚಿಕ್ಲೆರೊಗಳು, ಅಂದರೆ ಚಿಕ್ಲೆ ತೆಗೆಯುವವರು, ಹಗ್ಗ ಕಟ್ಟಿಕೊಂಡು ಮರ ಹತ್ತುತ್ತಾರೆ. ಮಚ್ಚಿನಿಂದ ತೊಗಟೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಕೊಯ್ಯುತ್ತಾ ಹೋಗುತ್ತಾರೆ. ಹಾಲು ಒಂದು ಕೊಯ್ತದಿಂದ ಇನ್ನೊಂದಕ್ಕೆ ಇಳಿದು, ಬುಡದಲ್ಲಿ ಕಟ್ಟಿದ ಚೀಲಕ್ಕೆ ಬೀಳುತ್ತೆ. ಅದನ್ನು ಕುದಿಸಿ, ನೀರಿನಂಶ ಹೋದ ಮೇಲೆ ಗಟ್ಟಿ ಅಚ್ಚು ಮಾಡುತ್ತಾರೆ. ಒಮ್ಮೆ ಕೊಯ್ದ ಮರವನ್ನು ಕೆಲವು ವರ್ಷ ಮುಟ್ಟೋ ಹಾಗಿಲ್ಲ. ಗಾಯ ಮಾಗೋಕೆ ಬಿಡಬೇಕು. ಅವಸರಪಟ್ಟರೆ ಮರವೇ ಹೋಗಿಬಿಡುತ್ತೆ.

ಇದೇ ಮರದ ಕಟ್ಟಿಗೆಯೂ ಬಲು ಗಟ್ಟಿ. ಗ್ವಾಟೆಮಾಲಾದ ಟಿಕಾಲ್‌ನಲ್ಲಿರುವ ಮಾಯಾ ಜನರ ಪುರಾತನ ದೇಗುಲಗಳಲ್ಲಿ ಬಾಗಿಲ ಮೇಲಿನ ತೊಲೆಗಳನ್ನು ಸಪೋಟ ಮರದಿಂದಲೇ ಕೆತ್ತಿದ್ದರು. ಆ ಬಿಸಿ, ಆ ತೇವದಲ್ಲೂ ಅವು 1200 ವರ್ಷಕ್ಕೂ ಜಾಸ್ತಿ ಕಾಲ ಉಳಿದುಬಂದಿವೆ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ದೊಡ್ಡ ಅಚ್ಚರಿ ಇದೇ.

ಕಾಡಿನ ಈ ಅಂಟು ಬ್ರ್ಯಾಂಡ್ ಆದ ಕತೆಯಲ್ಲಿ ಒಬ್ಬ ಸೇನಾಪತಿ ಬರುತ್ತಾನೆ. 1836ರಲ್ಲಿ ಟೆಕ್ಸಾಸ್‌ನ ಅಲಾಮೊ ಕದನದಲ್ಲಿ ಗೆದ್ದ ಮೆಕ್ಸಿಕೊದ ಸಾಂಟಾ ಅನಾ. 1860ರ ದಶಕದಲ್ಲಿ ಆತ ಗಡೀಪಾರಾಗಿ ನ್ಯೂಯಾರ್ಕ್‌ನಲ್ಲಿದ್ದ. ರಬ್ಬರಿಗೆ ಬದಲಿಯಾಗಿ ಚಿಕ್ಲೆ ಮಾರಿ ದುಡ್ಡು ಮಾಡೋ ಆಸೆ ಅವನಿಗೆ. ಥಾಮಸ್ ಆಡಮ್ಸ್ ಎಂಬಾತ ಏನೆಲ್ಲ ಮಾಡಿ ನೋಡಿದರೂ ಅದು ರಬ್ಬರ್ ಆಗಲಿಲ್ಲ. ಕೊನೆಗೆ ಅದನ್ನು ಅಗಿಯುವ ತಿನಿಸಾಗಿಯೇ ಮಾರಿದ. 1871ರಲ್ಲಿ ಗಮ್ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ.

ಆಮೇಲೆ ರಿಗ್ಲಿ. 1891ರಲ್ಲಿ ಷಿಕಾಗೊಗೆ ಬಂದಾಗ ವಿಲಿಯಂ ರಿಗ್ಲಿ ಮಾರುತ್ತಿದ್ದದ್ದು ಸೋಪು. ಸೋಪಿನ ಜೊತೆ ಬೇಕಿಂಗ್ ಪೌಡರ್ ಉಚಿತ ಕೊಟ್ಟ. ಜನ ಪೌಡರನ್ನೇ ಕೇಳೋಕೆ ಶುರು ಮಾಡಿದರು. ಸರಿ, ಪೌಡರ್ ಮಾರೋಕೆ ನಿಂತು ಅದರ ಜೊತೆ ಗಮ್ ಉಚಿತ ಕೊಟ್ಟ. ಜನ ಗಮ್ ಕೇಳಿದರು! ಗಿರಾಕಿ ಕೈ ತೋರಿಸಿದ ಕಡೆ ಎರಡೆರಡು ಸಲ ಅಂಗಡಿ ತಿರುಗಿಸಿದ ಧೈರ್ಯ ನನಗೆ ಬಹಳ ಮೆಚ್ಚುಗೆ. 1893ಕ್ಕೆ ಅವನ ಜ್ಯೂಸಿ ಫ್ರೂಟ್, ಸ್ಪಿಯರ್‌ಮಿಂಟ್ ಎಂಬ ಎರಡು ಗಮ್‌ಗಳು ಬಂದವು.

ಈ ಜ್ಯೂಸಿ ಫ್ರೂಟ್ ಇನ್ನೊಂದು ಕಡೆಯೂ ಇತಿಹಾಸಕ್ಕೆ ಸೇರಿದೆ. 1974ರ ಜೂನ್ 26ರಂದು ಅಮೆರಿಕದ ಓಹಾಯೊದ ಟ್ರಾಯ್ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಅಂಗಡಿ ಸಾಮಾನಿನ ಬಾರ್‌ಕೋಡನ್ನು ಮೊದಲ ಬಾರಿ ಸ್ಕ್ಯಾನ್ ಮಾಡಿದರು. ಆ ಸಾಮಾನು ಜ್ಯೂಸಿ ಫ್ರೂಟ್ ಪ್ಯಾಕ್. ಬೆಲೆ 67 ಸೆಂಟ್. ಬಾರ್‌ಕೋಡಿನ ಯೋಚನೆ ಹುಟ್ಟಿದ್ದು ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲು, ಮಯಾಮಿಯ ಕಡಲ ತೀರದಲ್ಲಿ. ಜೋಸೆಫ್ ವುಡ್‌ಲ್ಯಾಂಡ್ ಮರಳಲ್ಲಿ ಬೆರಳಿಟ್ಟು ಮೋರ್ಸ್ ಕೋಡಿನ ಚುಕ್ಕೆ, ಗೆರೆ ಬಿಡಿಸಿದರು. ಬೆರಳನ್ನು ಹಾಗೇ ತಮ್ಮ ಕಡೆಗೆ ಎಳೆದುಕೊಂಡರು. ದಪ್ಪ ಗೆರೆ, ಸಣ್ಣ ಗೆರೆ ಮೂಡಿತು. 1952ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಓದುವ ಲೇಸರ್, ಕಂಪ್ಯೂಟರ್ ಕೈಗೆಟುಕೋಕೆ ಇನ್ನೂ 20 ವರ್ಷ ಬೇಕಾಯಿತು.

ಎರಡನೇ ಮಹಾಯುದ್ಧದ ನಂತರ ಹೆಚ್ಚಿನ ಕಂಪನಿಗಳು ಚಿಕ್ಲೆ ಬಿಟ್ಟು ಪೆಟ್ರೋಲಿಯಂ ಮೂಲದ ಪಾಲಿಮರ್ ಹಿಡಿದವು. ಬೇಡಿಕೆಗೆ ತಕ್ಕಷ್ಟು ಹಾಲು ಕೊಡೋಕೆ ಕಾಡಿಂದ ಆಗುತ್ತಿರಲಿಲ್ಲ. ಪಾಲಿಮರ್ ಗಮ್ ಸುಲಭಕ್ಕೆ ಕೊಳೆಯೋದಿಲ್ಲ, ಅಂಟಿದಲ್ಲೇ ಕೂರುತ್ತೆ. ಸಿಂಗಾಪುರದಲ್ಲಿ 1987ರಲ್ಲಿ ಮೆಟ್ರೊ ರೈಲು ಶುರುವಾದ ಮೇಲೆ ಕೆಲವರು ಬಾಗಿಲಿನ ಸೆನ್ಸರ್‌ಗೆ ಗಮ್ ಮೆತ್ತಿದರು. ಬಾಗಿಲು ಮುಚ್ಚದೆ ರೈಲು ನಿಂತವು. 1992ರಲ್ಲಿ ಸರ್ಕಾರ ಗಮ್ ಆಮದು, ಮಾರಾಟ ಎರಡನ್ನೂ ನಿಷೇಧಿಸಿತು. ಅಲ್ಲಿ ಅಗಿಯೋದೇ ಅಪರಾಧ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ತಡೆ ಇರೋದು ತರೋದಕ್ಕೆ, ಮಾರೋದಕ್ಕೆ. 2004ರಲ್ಲಿ ಅಮೆರಿಕದ ಜೊತೆಗಿನ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಆಗ ನಿಕೋಟಿನ್ ಗಮ್, ಹಲ್ಲಿನ ಆರೋಗ್ಯದ ಗಮ್‌ಗಳಿಗೆ ಮಾತ್ರ ರಿಯಾಯಿತಿ ಸಿಕ್ಕಿತು. ಅವನ್ನೂ ಔಷಧಿ ಅಂಗಡಿಯವರು ಅಥವಾ ದಂತವೈದ್ಯರ ಕೈಯಿಂದಲೇ ಪಡೆಯಬೇಕು.

ಮೆಕ್ಸಿಕೊದ ಚಿಕ್ಲೆರೊಗಳು ಮಾತ್ರ ಕಸುಬು ಪೂರ್ತಿ ಬಿಟ್ಟಿಲ್ಲ. ಅವರ ಸಹಕಾರ ಸಂಘಗಳು ಸೇರಿ ಚಿಕ್ಜಾ ಹೆಸರಿನಲ್ಲಿ ಮತ್ತೆ ಸಪೋಟ ಹಾಲಿನ ಗಮ್ ಮಾರುತ್ತಿವೆ. ಅದು ಮಣ್ಣಲ್ಲಿ ಕೊಳೆತು ಹೋಗುತ್ತೆ.