‘ಕ್ರಿಸ್‌ಮಸ್’ ಹವಾಯಿಯಲ್ಲಿ ‘ಕಲಿಕಿಮಕ’ ಆದದ್ದು ಹೇಗೆ?

ನನಗೆ ಹವಾಯಿ ಭಾಷೆಯ ಹುಚ್ಚು ಎಂದು ಬಲ್ಲವರು ಡಿಸೆಂಬರ್ ಬಂತೆಂದರೆ ಕೇಳುವುದು ಇದೇ: “ಅಲ್ಲಿ ಮೆರಿ ಕ್ರಿಸ್‌ಮಸ್‌ಗೆ ‘ಮೆಲೆ ಕಲಿಕಿಮಕ’ ಅಂತಾರಂತಲ್ಲ, ಎಲ್ಲಿಯ ಕ್ರಿಸ್‌ಮಸ್, ಎಲ್ಲಿಯ ಕಲಿಕಿಮಕ? ಅವರಿಗೆ ನಾಲಿಗೆ ಹೊರಳೋದಿಲ್ವಾ?”

ಚೆನ್ನಾಗಿಯೇ ಹೊರಳುತ್ತದೆ. ಇಂದು ಹವಾಯಿ ಭಾಷೆ ಆಡುವವರು ಹೆಚ್ಚುಕಡಿಮೆ ಎಲ್ಲರೂ ಇಂಗ್ಲಿಷನ್ನೂ ಸಲೀಸಾಗಿ ಆಡುತ್ತಾರೆ. ಪದ ಬದಲಾದದ್ದು ಆ ಭಾಷೆಯ ಒಳಗಿನ ಕಟ್ಟಳೆಯಿಂದ.

ಅಲ್ಲಿರುವ ವ್ಯಂಜನಗಳು ಎಂಟೇ: ಕ, ಪ, ಮ, ನ, ಲ, ವ, ಹ, ಜೊತೆಗೆ ಗಂಟಲನ್ನು ಅರೆಕ್ಷಣ ಮುಚ್ಚಿ ಬಿಡುವ ‘ಓಕಿನ’. ಸ್ವರ ಐದು, ಅವಕ್ಕೆ ಹ್ರಸ್ವ ದೀರ್ಘ ಎರಡೂ ಉಂಟು. ಒತ್ತಕ್ಷರವಿಲ್ಲ. ಯಾವ ಪದವೂ ವ್ಯಂಜನದಲ್ಲಿ ಮುಗಿಯುವುದಿಲ್ಲ. ಈಗ ಕ್ರಿಸ್‌ಮಸ್ ಹಿಡಿಯಿರಿ. ‘ಕ್ರಿ’ ಬಿಡಿಸಿದರೆ ‘ಕಲಿ’, ಏಕೆಂದರೆ ರ ಇಲ್ಲ, ಅದರ ಜಾಗಕ್ಕೆ ಲ. ‘ಸ್’ ಕೂಡ ಇಲ್ಲ, ಅದು ಕ ಆಗಿ, ಹಿಂದಿನ ಇ ಸ್ವರವನ್ನೇ ಹಿಡಿದು ‘ಕಿ’ ಆಯಿತು. ‘ಮ’ ಹಾಗೇ ಉಳಿಯಿತು. ಕೊನೆಯ ‘ಸ್’ಗೆ ಅ ಸೇರಿ ‘ಕ’. ಎಣಿಸಿ ನೋಡಿ, ಆಡುವಾಗ ಕೇಳುವ ಒಂದು ಸದ್ದೂ ಕಳೆದುಹೋಗಿಲ್ಲ! ‘ಮೆಲೆ’ ಕೂಡ ಇಂಗ್ಲಿಷಿನ ‘ಮೆರಿ’ಯೇ, ರ ಜಾಗಕ್ಕೆ ಲ ಬಂದದ್ದು; ಹಾಡು ಎಂಬ ಅರ್ಥದ ‘ಮೆಲೆ’ ಅವರದೇ ಬೇರೆ ಪದ.

ನಮ್ಮಜ್ಜಿ ‘ಇಸ್ಕೂಲು’ ಎನ್ನುತ್ತಿದ್ದರು. ನಾವೆಲ್ಲ ಈಗಲೂ ಬಸ್ಸು, ಕಾರು, ಪೆನ್ನು ಎನ್ನುತ್ತೇವೆ. ಕೊನೆಗೆ ಉಕಾರ ಸೇರಿಸದಿದ್ದರೆ ಕನ್ನಡದ ಬಾಯಿಗೆ ಆ ಪದ ಅರ್ಧಕ್ಕೇ ನಿಂತ ಹಾಗೆ. ಅವರದೂ ಅದೇ ಕೆಲಸ, ನಿಯಮ ಇನ್ನಷ್ಟು ಬಿಗಿ, ಅಷ್ಟೆ.

“ಸ ಇಲ್ಲದಿದ್ದರೆ ಹ ಇತ್ತಲ್ಲ, ಕ ಯಾಕೆ?” ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರೆ. ಈ ಪ್ರಶ್ನೆ ನನಗೆ ಬಲು ಇಷ್ಟ. ಸೋದರ ಭಾಷೆಯಾದ ನ್ಯೂಜಿಲೆಂಡಿನ ಮಾವೊರಿಯಲ್ಲಿ ಮನುಷ್ಯನಿಗೆ ‘ತಂಗತ’, ಹವಾಯಿಯಲ್ಲಿ ‘ಕನಕ’. ನಿಷಿದ್ಧ ಎನ್ನಲು ಅಲ್ಲಿ ‘ತಪು’, ಇಲ್ಲಿ ‘ಕಪು’. ಹಳೆಯ ತ ಇಲ್ಲಿ ಕ ಆಗಿದೆ, ಹಳೆಯ ಕ ಗಂಟಲಿಗಿಳಿದು ಓಕಿನ ಆಗಿದೆ. ಹಾಗಾಗಿ ನಾಲಿಗೆಯಿಂದ ತಡೆದು ನುಡಿಯುವ ಟ, ಡ, ಸ, ಶ, ಚ, ಗ ಎಲ್ಲಕ್ಕೂ ಉಳಿದ ಮನೆ ಕ ಒಂದೇ. ಹ ಹುಟ್ಟಲು ನಾಲಿಗೆಯೇ ಬೇಡ. ಹವಾಯಿಯದೇ ನಿಹಾವು ದ್ವೀಪದವರ ಮಾತಿನಲ್ಲಿ ಇಂದಿಗೂ ಕ ಇರುವ ಕಡೆ ತ ಕೇಳುತ್ತದೆ, ಅರ್ಥ ಬದಲಾಗುವುದಿಲ್ಲ.

ಹೀಗೆ ಡೇವಿಡ್ ‘ಕಾವಿಕ’ ಆದ, ರಾಬರ್ಟ್ ‘ಲೋಪಕ’ ಆದ. ಸ್ಕೂಲ್ ‘ಕುಲ’ ಆಯಿತು, ಗೋಲ್ಡ್ ಕೂಡ ‘ಕುಲ’ವೇ, ಬಯಲಿಗೆ ಅವರದೇ ಹಳೆಯ ‘ಕುಲ’ ಬೇರೆ. ಟೀಯೂ ‘ಕೀ’, ಬೀಗದ ಕೀಯೂ ‘ಕೀ’. ಗೊಂದಲವಾಗುವುದಿಲ್ಲವೇ ಎಂದರೆ, ಸಂದರ್ಭವೇ ಹೇಳುತ್ತದೆ. ಚಹಾ ಕೇಳಿದವರಿಗೆ ಯಾರೂ ಬೀಗದ ಕೈ ಕೊಡುವುದಿಲ್ಲ.

ಬರವಣಿಗೆಯ ಕಥೆಯೂ ಇದೆ. 1820ರಲ್ಲಿ ಬಂದ ಅಮೆರಿಕದ ಮಿಷನರಿಗಳು ಒಂದೇ ಪದದಲ್ಲಿ ಒಮ್ಮೆ ತ, ಒಮ್ಮೆ ಕ ಕೇಳಿ ತಬ್ಬಿಬ್ಬಾದರು. 1826ರಲ್ಲಿ ಮತ ಹಾಕಿ ಬಿ, ಡಿ, ಆರ್, ಟಿ, ವಿ ಅಕ್ಷರಗಳನ್ನು ಕೈಬಿಟ್ಟರು. ಹೊರಗಿನ ಹೆಸರುಗಳಿಗೆ ಮಾತ್ರ ಅವನ್ನು ಉಳಿಸಿಕೊಂಡರು. ಅದಕ್ಕೇ ಬೈಬಲ್‌ನಲ್ಲಿ ‘ದವಿದ’, ಜನರ ಬಾಯಲ್ಲಿ ‘ಕಾವಿಕ’.

ನನಗೆ ನೋವಾಗುವುದು ಮುಂದಿನ ಭಾಗಕ್ಕೆ. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮ ಮಾಡಿತು. ಮಕ್ಕಳ ಬಾಯಿಂದ ಭಾಷೆ ಜಾರಿತು. ಹೊರಗಿನ ಪದವನ್ನು ಒಗ್ಗಿಸಿಕೊಳ್ಳಲು ಅದನ್ನು ದಿನವೂ ಆಡುವ ಬಾಯಿಗಳು ಬೇಕಲ್ಲ? ಅವೇ ಕಡಿಮೆಯಾದವು. 1978ರಲ್ಲಿ ಹವಾಯಿ ರಾಜ್ಯದ ಸಂವಿಧಾನ ಅದನ್ನು ಅಧಿಕೃತ ಭಾಷೆ ಎಂದಿತು. 1983ರಲ್ಲಿ ‘ಅಹ ಪೂನನ ಲೇವೊ’ ಸಂಸ್ಥೆ ಹುಟ್ಟಿ, ಪುಟ್ಟ ಮಕ್ಕಳಿಗೆ ಹವಾಯಿ ಭಾಷೆಯಲ್ಲೇ ಶಿಶುವಿಹಾರಗಳನ್ನು ತೆರೆಯಿತು. ಆ ಮಕ್ಕಳು ಬೆಳೆದಂತೆ ವಿಜ್ಞಾನಕ್ಕೆ, ಗಣಿತಕ್ಕೆ, ಯಂತ್ರಗಳಿಗೆ ಪದ ಬೇಕಾಯಿತು. ಅದಕ್ಕೆಂದೇ ಪದಸಮಿತಿಯೊಂದು ಕೂತಿತು.

ಈಗ ಕಂಪ್ಯೂಟರಿಗೆ ಎರಡು ಪದಗಳಿವೆ. ಒಂದು ‘ಕಮೆಪಿಉಲ’, ಇಂಗ್ಲಿಷ್ ಪದವನ್ನೇ ಹಳೆಯ ಕ್ರಮದಲ್ಲಿ ಬಿಡಿಸಿದ್ದು. ಇನ್ನೊಂದು ‘ಲೋಲೊಉವಿಲ’, ಅಂದರೆ ವಿದ್ಯುತ್ ಮಿದುಳು; ‘ಉವಿಲ’ ಅವರ ಆಕಾಶದ ಮಿಂಚು. ಯಾವುದು ಸರಿ ಎಂದೂ ಕೇಳುತ್ತಾರೆ. ನನಗೆ ಎರಡೂ ಸರಿ. ಆದರೆ ಮನಸ್ಸಿಗೆ ಹತ್ತಿರವಾದದ್ದು ಇಮೇಲ್‌ಗೆ ಅವರು ಹೇಳುವ ‘ಲೆಕ ಉವಿಲ’. ‘ಲೆಕ’ ಎಂದರೆ ಇಂಗ್ಲಿಷಿನ ಲೆಟರ್, ಹಡಗಿನ ಕಾಲದಲ್ಲಿ ಒಳಗೆ ಬಂದು ಮನೆಯವನಾದ ಪದ. ಅದರ ಪಕ್ಕದಲ್ಲಿ ಅವರದೇ ಮಿಂಚು.