ಮಕ್ಕಳು ನಕ್ಷೆಯಲ್ಲಿ ಕಂಡ ಬೆಟ್ಟ

ಕೊಪ್ಪಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ‘ಚಲನೆ’ ಪಾಠ ಮಾಡುತ್ತಿದ್ದಾಗ, ದೂರವನ್ನು ಕಾಲದಿಂದ ಭಾಗಿಸಿ ಜವ ಕಂಡುಹಿಡಿಯುವ ಲೆಕ್ಕಗಳು ಮಕ್ಕಳಿಗೆ ಬೇಗನೆ ಒಲಿದವು. ಅವರು ತಡವರಿಸಿದ್ದು ದೂರ-ಕಾಲದ ನಕ್ಷೆಯಲ್ಲಿ, ಅಂದರೆ ಗ್ರಾಫಿನಲ್ಲಿ. ಏರಿ, ಮಟ್ಟಸವಾಗಿ ಸಾಗಿ, ಮತ್ತೆ ಇಳಿಯುವ ಗೆರೆಯೊಂದನ್ನು ಹಲಗೆಯ ಮೇಲೆ ಎಳೆದು, ಇದರಿಂದ ಏನು ತಿಳಿಯುತ್ತದೆ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿ ಎದ್ದು, “ಅಂಜನಾದ್ರಿ ಬೆಟ್ಟ ಹತ್ತಿ, ಮ್ಯಾಲೆ ಅಡ್ಡಾಡಿ, ಇಳದು ಬಂದಾರ್ರೀ ಸರ್” ಎಂದಳು. ಉಳಿದವರೂ ಹೌದೆಂದು ತಲೆಯಾಡಿಸಿದರು.

ಬಂಡೆಗುಡ್ಡಗಳ ನಡುವೆ ಬೆಳೆದ ಕಣ್ಣಿಗೆ ಏರುವ ಗೆರೆ ಗುಡ್ಡವಾಗಿ ಕಾಣುವುದು ಸಹಜವಾದ್ದರಿಂದ, ತಪ್ಪು ಎಂದಷ್ಟೇ ಹೇಳಿ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ. ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದು, ಸುಣ್ಣದ ಪುಡಿಯಿಂದ ಹತ್ತು ಮೀಟರಿನವರೆಗೆ ಮೀಟರಿಗೊಂದು ಗುರುತು ಹಾಕಿಸಿದೆ. ಒಬ್ಬ ಹುಡುಗ ನಡೆಯುವುದು, ಒಬ್ಬಳು ನನ್ನ ಮೊಬೈಲು ನೋಡಿ ಸೆಕೆಂಡು ಕೂಗುವುದು, ಮಿಕ್ಕವರು ಅವನಿರುವ ಗುರುತನ್ನು ಬರೆದುಕೊಳ್ಳುವುದು ಎಂದು ಗೊತ್ತುಮಾಡಿದೆವು. ಅವನು 8 ಸೆಕೆಂಡುಗಳಲ್ಲಿ ಹತ್ತನೆಯ ಗುರುತನ್ನು ಮುಟ್ಟಿ, ನಾನು ಹೇಳಿಕೊಟ್ಟಂತೆ ಅಲ್ಲೇ ನಿಂತ. ಒಂಬತ್ತು, ಹತ್ತು, ಹನ್ನೊಂದು ಎಂದು ಕೂಗು ಮುಂದುವರಿದಂತೆ, ಬರೆಯುತ್ತಿದ್ದವರ ಪುಸ್ತಕದಲ್ಲಿ ಹತ್ತು ಮೀಟರ್, ಹತ್ತು ಮೀಟರ್ ಎಂದೇ ಸಾಲು ಬೆಳೆಯಿತು. “ನಾ ನಿಂತ್ರೂ ಟೈಮ್ ನಿಲ್ಲಾಂಗಿಲ್ರೀ ಸರ್” ಎಂದು ಅವನೇ ಅಲ್ಲಿಂದ ಕೂಗಿದ. ಐದು ಸೆಕೆಂಡು ನಿಂತವನು ಹೊರಟ ಜಾಗಕ್ಕೆ 4 ಸೆಕೆಂಡುಗಳಲ್ಲಿ ಓಡಿ ಬಂದ.

ಆ ಅಂಕಿಗಳಿಂದಲೇ ನಕ್ಷೆ ಬರೆದಾಗ, ಮಟ್ಟಸವಾದ ಗೆರೆ ನಿಂತದ್ದನ್ನು ಹೇಳುತ್ತದೆಂದು ಯಾರಿಗೂ ವಿವರಿಸಬೇಕಾಗಲಿಲ್ಲ. ಹೋಗುವಾಗ ಸೆಕೆಂಡಿಗೆ 1.25 ಮೀಟರ್, ಬರುವಾಗ 2.5 ಮೀಟರ್, ಮರಳುವ ಗೆರೆಯ ಓರೆ ಇಮ್ಮಡಿಯಾಗಿದ್ದುದನ್ನು ಅವರೇ ಗುರುತಿಸಿದರು. ಆಗ ಹಿಂದಿನ ಸಾಲಿನ ಹುಡುಗನೊಬ್ಬ, ನಡೆದ ದೂರ ಕಡಿಮೆಯಾಗುವುದು ಹೇಗೆ ಎಂದು ಕೇಳಿದ. ಅವನ ಪ್ರಶ್ನೆ ಸರಿಯಾಗಿತ್ತು, ತಪ್ಪು ನನ್ನದು. ನಕ್ಷೆಯ ಲಂಬ ಅಕ್ಷಕ್ಕೆ ಬರಿದೇ ‘ದೂರ’ ಎಂದು ಬರೆದಿದ್ದೆ. ಕ್ರಮಿಸಿದ ಒಟ್ಟು ದೂರವಾದರೆ ಗೆರೆ ಎಂದಿಗೂ ಇಳಿಯದೆ ಇಪ್ಪತ್ತು ಮೀಟರಿಗೆ ಏರುತ್ತದೆ. ಹೊರಟ ಜಾಗದಿಂದ ಇರುವ ದೂರವಾದರೆ ಮಾತ್ರ ಸೊನ್ನೆಗೆ ಇಳಿಯುತ್ತದೆ. ಅಕ್ಷದ ಹೆಸರನ್ನು ತಿದ್ದಿ, ಅವನಿಂದಲೇ ಎರಡನೆಯ ನಕ್ಷೆಯನ್ನೂ ಹಲಗೆಯ ಮೇಲೆ ಬರೆಸಿದೆ.

ಮರುದಿನ ಬೆಟ್ಟದ ಉತ್ತರ ಕೊಟ್ಟಿದ್ದ ಹುಡುಗಿ ತನ್ನ ಸೈಕಲ್ ದಾರಿಯ ನಕ್ಷೆ ತಂದಳು: 8 ನಿಮಿಷಕ್ಕೆ 1.2 ಕಿಲೋಮೀಟರ್, ರೈಲ್ವೆ ಗೇಟಿನಲ್ಲಿ 6 ನಿಮಿಷ, ಉಳಿದ 1.8 ಕಿಲೋಮೀಟರಿಗೆ 9 ನಿಮಿಷ. ಮೊದಲ ಭಾಗದಲ್ಲಿ ಗಂಟೆಗೆ 9, ಕೊನೆಯ ಭಾಗದಲ್ಲಿ 12 ಕಿಲೋಮೀಟರ್ ಜವವಿದ್ದರೂ, ಒಟ್ಟು 3 ಕಿಲೋಮೀಟರನ್ನು 23 ನಿಮಿಷಗಳಿಂದ ಲೆಕ್ಕ ಹಾಕಿದಾಗ ಸರಾಸರಿ ಎಂಟಕ್ಕೂ ಕಡಿಮೆ ಬಂದಿತ್ತು. ಎರಡೂ ಭಾಗಗಳ ಜವಕ್ಕಿಂತ ಸರಾಸರಿ ಕಡಿಮೆ ಬರುವುದು ಹೇಗೆ ಎಂದು ಕೇಳಲು ಬಂದವಳು, ನಾನು ಬಾಯಿ ತೆರೆಯುವ ಮೊದಲೇ ಗೇಟಿನ ಮಟ್ಟಸ ಗೆರೆಯ ಮೇಲೆ ಬೆರಳಿಟ್ಟು ತನ್ನ ಜಾಗಕ್ಕೆ ಹೋಗಿ ಕುಳಿತಳು.