ಭಾವನ ಎಕೋ

ಜುಲೈ 18, 2025, ಶುಕ್ರವಾರ
ಮಂಗಳೂರು

ಇವತ್ತು ಭಾವನ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ನಾನೇ ಮಾಡಿದೆ. ಭಾವನಿಗೆ 47. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್. ಶುಗರ್ ಶುರುವಾಗಿ ಹತ್ತು ವರ್ಷದ ಮೇಲಾಯಿತು. ಈಗೀಗ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಎಡಗೈ ತಲೆಯಡಿ ಇಡಿಸಿ, ಜೆಲ್ ಹಚ್ಚಿದ ಪ್ರೋಬನ್ನು ಪಕ್ಕೆಲುಬಿನ ಸಂದಿಗೆ ಒತ್ತಿದೆ. ‘ಎಂತ ತಣ್ಣಗೆ ಮಾರಾಯ! ಬ್ಲಾಕ್ ಉಂಟಾ ನೋಡು’ ಅಂದರು. ಎಕೋದಲ್ಲಿ ರಕ್ತನಾಳದ ಬ್ಲಾಕ್ ನೇರವಾಗಿ ಕಾಣುವುದಿಲ್ಲ ಅಂತ ದಿನಾ ಹೇಳಿ ಹೇಳಿ ನನಗೆ ಸಾಕಾಗಿದೆ.

ತುಂಬಿದ ರಕ್ತದಲ್ಲಿ ಹೃದಯ ಒಂದು ಸಲಕ್ಕೆ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ, ಅಂದರೆ ಇಎಫ್, ಶೇಕಡಾ 60 ಇತ್ತು. ಅದು ಚೆನ್ನಾಗಿಯೇ ಉಂಟು. ಎಲ್ಲರೂ ಕೇಳುವುದೂ ಆ ಒಂದು ನಂಬರನ್ನೇ. ಆದರೆ ಶುಗರಿನವರ ಹೃದಯ ಮೊದಲು ಸೋಲುವುದು ಹಿಂಡುವುದರಲ್ಲಲ್ಲ, ಸಡಿಲಾಗುವುದರಲ್ಲಿ. ಹೃದಯದ ಎಡಗಡೆಯ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಹತ್ತಿರ, ರಕ್ತ ಹರಿಯುವ ವೇಗ ಅಳೆಯುವ ಡಾಪ್ಲರ್ ಇಟ್ಟರೆ ಎರಡು ಅಲೆ ಕಾಣುತ್ತವೆ. ಹೃದಯ ಸಡಿಲಾದಾಗ ರಕ್ತ ತಾನಾಗಿ ಒಳಗೆ ನುಗ್ಗುವುದು ‘ಇ’. ಕೊನೆಗೆ ಮೇಲಿನ ಕೋಣೆ ತಳ್ಳಿ ತುಂಬಿಸುವುದು ‘ಎ’. ಈ ಪ್ರಾಯದಲ್ಲಿ ‘ಇ’ ಎತ್ತರ ಇರಬೇಕು. ಭಾವನದ್ದು ತಿರುಗಾಮುರುಗಾ. ಸ್ನಾಯು ಸಡಿಲಾಗುವ ವೇಗವನ್ನೂ ಅಳೆದೆ. ನಡುಗೋಡೆಯ ಕಡೆ ಸೆಕೆಂಡಿಗೆ 5 ಸೆಂ.ಮೀ. ಬಂತು. 7 ಆದರೂ ಇರಬೇಕಿತ್ತು.

ಸ್ನಾಯುವಿನ ಎಳೆಗಳ ನಡುವೆ ಕೊಲಾಜೆನ್ ಎಂಬ ನಾರು ಇರುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದರೆ ಅದು ಈ ನಾರಿಗೆ ಅಂಟಿ, ಒಂದಕ್ಕೊಂದು ಬೆಸೆಯುತ್ತದೆ. ಬೆಲ್ಲದ ಪಾಕ ಮೆತ್ತಿ ಒಣಗಿದ ತೆಂಗಿನ ನಾರಿನ ಹಗ್ಗದ ಹಾಗೆ ಗಡುಸಾಗುತ್ತದೆ. ಶುಗರಿನವರಿಗೆ ಮಾಡುವ ಎಚ್‌ಬಿಎ1ಸಿ ಎಂಬ ರಕ್ತದ ಟೆಸ್ಟಿನಲ್ಲಿ ನೋಡುವುದೂ ಇಂಥದ್ದೇ ಅಂಟನ್ನು, ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದ್ದನ್ನು. ಆದರೆ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಆ ರಿಪೋರ್ಟು ಎರಡು ಮೂರು ತಿಂಗಳಲ್ಲಿ ಸುಧಾರಿಸಬಹುದು. ಕೊಲಾಜೆನ್ ವರ್ಷಗಟ್ಟಲೆ ಇರುತ್ತದೆ. ಹಳೆಯ ಶುಗರಿನ ಲೆಕ್ಕ ಅಲ್ಲಿ ಹಾಗೇ ಉಳಿಯುತ್ತದೆ.

ಅಕ್ಕನದ್ದು ಬೇರೆಯೇ ದೂರು. ‘ಗಂಜಿಯೂ ಬಿಟ್ಟಿದ್ದಾರೆ, ರಾತ್ರಿ ಚಪಾತಿ ಮಾತ್ರ. ಆದ್ರೂ ಶುಗರ್ ಇಳಿಯುವುದಿಲ್ಲ, ಯಾಕೆ?’ ಭಾವನ ಪಕ್ಕದ ಸೀಟಿನಲ್ಲಿ ಕೂತು ಒಮ್ಮೆ ಹೋಗಿ ನೋಡಬೇಕು. ಸುರತ್ಕಲ್‌ನಲ್ಲಿ ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಪಡುಬಿದ್ರಿಯ ಜನವನ್ನೆಲ್ಲ ಎತ್ತಿಕೊಂಡು ಹೋಗುತ್ತಾನೆ. ಕಂಡಕ್ಟರ್ ಬಾಗಿಲು ಬಡಿಯುತ್ತಾನೆ, ಬಸ್ಸಿನ ಧನಿಗಳ ಫೋನ್ ಬರುತ್ತದೆ. ಬೆಳಗ್ಗೆಯಿಂದ ರಾತ್ರಿವರೆಗೆ ಇದೇ ಕಥೆ. ಅಂಥ ಹೊತ್ತಿನಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ. ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ತಟ್ಟೆಯಲ್ಲಿ ಅನ್ನ ಇಲ್ಲದಿದ್ದರೂ ಶುಗರ್ ಏರುತ್ತದೆ.

ಹೃದಯಕ್ಕೆ ನೇರ ಪೆಟ್ಟೂ ಉಂಟು. ಸಡಿಲಾಗುವುದು ಸುಮ್ನೆ ಆಗುವ ಕೆಲಸ ಅಲ್ಲ. ಸ್ನಾಯು ಹಿಂಡುವಾಗ ಅದರ ಜೀವಕೋಶದ ಒಳಗೆ ಬಂದ ಕ್ಯಾಲ್ಸಿಯಂ ಅನ್ನು ಮತ್ತೆ ಅದರ ಜಾಗಕ್ಕೆ ಪಂಪ್ ಮಾಡಲಿಕ್ಕೆ ಶಕ್ತಿ ಬೇಕು. ಶುಗರಿನವರ ಹೃದಯ ಸಕ್ಕರೆ ಬಿಟ್ಟು ಹೆಚ್ಚಾಗಿ ಕೊಬ್ಬನ್ನೇ ಸುಡುತ್ತದೆ, ಅಷ್ಟೇ ಕೆಲಸಕ್ಕೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ. ಅದರ ಮೇಲೆ ದಿನವಿಡೀ ಅಡ್ರಿನಲಿನ್ ಓಡಿಸಿದರೆ? ಜೀವಕೋಶಗಳು ಸಾಯುತ್ತವೆ, ಆ ಜಾಗದಲ್ಲಿ ಮತ್ತೆ ನಾರು ಬೆಳೆಯುತ್ತದೆ. ಬಿಪಿಯೂ ಸೇರಿದರೆ ಕೇಳುವುದೇ ಬೇಡ.

ಬ್ಲಾಕ್ ಇಲ್ಲದೆಯೂ ಶುಗರಿನವರ ಹೃದಯ ಸೋಲುತ್ತದೆ ಅಂತ 1972ರಲ್ಲೇ ನ್ಯೂಯಾರ್ಕಿನ ಡಾಕ್ಟರುಗಳು 4 ರೋಗಿಗಳ ವರದಿ ಬರೆದಿದ್ದರು. 1974ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ, ಶುಗರಿದ್ದ ಗಂಡಸರಲ್ಲಿ ಹಾರ್ಟ್ ಫೇಲ್ಯೂರ್ ಸುಮಾರು 2 ಪಟ್ಟು, ಹೆಂಗಸರಲ್ಲಿ 5 ಪಟ್ಟು ಅಂತ ತೋರಿಸಿತು. ನಮ್ಮಲ್ಲಿ ಹೆಂಗಸರು ಇನ್ನೂ ‘ಗ್ಯಾಸ್ಟ್ರಿಕ್’ ಅಂತಲೇ ಬರುತ್ತಾರೆ, ಅದೂ ತೀರಾ ತಡವಾಗಿ.

ಡಾಕ್ಟರ್ ರಿಪೋರ್ಟ್ ನೋಡಿ ಎಂಪಾಗ್ಲಿಫ್ಲೋಜಿನ್ ಸೇರಿಸಿದರು. ಶುಗರಿಗೆಂದು ಬಂದ ಗುಳಿಗೆ ಇದು. ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರುವುದನ್ನೂ ಕಡಿಮೆ ಮಾಡುತ್ತದೆ ಅಂತ 2015ರಲ್ಲಿ ಗೊತ್ತಾಯಿತು. ಆಮೇಲೆ ನಿದ್ದೆ ಎಷ್ಟು ಗಂಟೆ ಅಂತ ಕೇಳಿದರು. ಭಾವ ಉತ್ತರ ಕೊಡದೆ ನನ್ನ ಮುಖ ನೋಡಿದರು.

ಹೊರಗೆ ಬಂದದ್ದೇ, ‘ಬ್ಲಾಕ್ ಇಲ್ಲ ಅಲ್ವಾ? ಹಾಗಾದ್ರೆ ನಾಳೆ ಟ್ರಿಪ್ಪಿಗೆ ಹೋಗ್ಲಾ?’ ಅಂದರು. ಅಕ್ಕ ಅಲ್ಲೇ ನಿಂತು ಧನಿಗಳಿಗೆ ಫೋನ್ ಮಾಡಿ, ಎಕ್ಸ್‌ಪ್ರೆಸ್ ಬಿಟ್ಟು ಸರ್ವಿಸ್ ಬಸ್ಸಿಗೆ ಹಾಕಿ ಅಂತ ಕೇಳಿದಳು. ‘ಮಳೆಗಾಲ ಮುಗಿಯಲಿ, ನೋಡುವ’ ಅಂದರಂತೆ.